ನಾವಿಬ್ಬರೇ ಹೋಗಬೇಕಿದ್ದ ಊರು

ನನ್ನ ಗೆಳತಿಗೆ ಮೊಣಕಾಲು ನೋವು ಬರುವುದಕ್ಕೂ ನಾನು ಮೆಕ್ಸಿಕೋದ ಮಾತು ತೆಗೆಯುವುದಕ್ಕೂ ಏನೋ ನಂಟಿದೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡಲ್ಲಾಸ್ ಪಕ್ಕದ ಫ್ರಿಸ್ಕೋದ ಅಂಗಡಿಗಳಲ್ಲಿ ದೀಪಾವಳಿ ಸೇಲ್ ಇದ್ದಾಗ ಇಲ್ಲದ ನೋವು, ಮೊಮ್ಮಗನ ಹಿಂದೆ ಪಾರ್ಕಿನಲ್ಲಿ ಓಡುವಾಗ ಇಲ್ಲದ ನೋವು, ನಾನು ಫೋನಿನಲ್ಲಿ “ಈ ಸಲಾನರೆ ಹೋಗೂಣೇನು?” ಎಂದ ಕೂಡಲೇ ಬಂದುಬಿಡುತ್ತಿತ್ತು. ನಾನು ಪೆದ್ದಿ. ಎಣ್ಣೆ ಹಚ್ಚಿಕೋ, ಬಿಸಿನೀರು ಹಾಕಿಕೋ ಎಂದು ಉಪಚಾರ ಹೇಳುತ್ತಿದ್ದೆ.

ಅವಳು ಮೈಸೂರಿನವಳು, ನಾನು ಧಾರವಾಡದವಳು. ಆಸ್ಟಿನ್‌ನಲ್ಲಿ ಓದುವಾಗ ಒಂದೇ ರೂಮಿನಲ್ಲಿದ್ದೆವು. ನಾನು ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಅವಳು ಶುರುವೇ ಮಾಡುವುದಿಲ್ಲ. ಹಾಗಾಗಿ ಜಗಳವಿಲ್ಲದೆ ನಡೆದುಹೋಯಿತು. ಒಂದು ಚಳಿಗಾಲದ ರಜೆಯಲ್ಲಿ ಜೊತೆಯವರೆಲ್ಲ ವಿಮಾನ ಹತ್ತಿ ನ್ಯೂಯಾರ್ಕ್ ನೋಡಲು ಹೋದರು. ವಿಮಾನಕ್ಕೆ ಗತಿಯಿಲ್ಲದ ನಾವಿಬ್ಬರು ಬಸ್ಸು ಹತ್ತಿ ಮೆಕ್ಸಿಕೋದ ಗ್ವಾನಹ್ವಾತೊ ಎಂಬ ಹಳೆಯ ಊರಿಗೆ ಹೋದೆವು. ಲೈಬ್ರರಿಯ ಯಾವುದೋ ಪತ್ರಿಕೆಯಲ್ಲಿ ಅವಳು ಅದರ ಚಿತ್ರ ನೋಡಿದ್ದಳು. ಬೆಳ್ಳಿಯ ಗಣಿಗಳಿಂದ ಬೆಳೆದ ಊರು ಅದು. ಗುಡ್ಡದ ಮೈತುಂಬ ಹಳದಿ, ಗುಲಾಬಿ, ನೀಲಿ ಮನೆಗಳು. ಕಾರುಗಳು ನೆಲದಡಿಯ ಸುರಂಗಗಳಲ್ಲಿ ಓಡುತ್ತವೆ, ಮೇಲೆ ಜನ ಇಡೀ ದಿನ ಮೆಟ್ಟಿಲು ಹತ್ತುತ್ತ ಇಳಿಯುತ್ತ ಇರುತ್ತಾರೆ.

ಒಂದು ಗಲ್ಲಿಯ ತುದಿಯಲ್ಲಿ ಚಿಕ್ಕ ವಸತಿಗೃಹ. ಅದನ್ನು ನಡೆಸುತ್ತಿದ್ದವಳು ನಮ್ಮದೇ ವಯಸ್ಸಿನ ಹುಡುಗಿ. ಮಾಂಸ ಬೇಡ, ಮೀನು ಬೇಡ, ಮೊಟ್ಟೆಯೂ ಬೇಡ ಎಂದು ನಾವು ಕೈಸನ್ನೆ ಮಾಡಿದರೆ ಅವಳು ತುಂಬ ಯೋಚನೆ ಮಾಡಿ, ಹಾಗಾದರೆ ಕೋಳಿ ಆಗಬಹುದೇ ಎಂದು ಕೇಳಿದಳು. ಕೊನೆಗೆ ಅವಳ ಅಡುಗೆಮನೆಗೇ ನುಗ್ಗಿ ಅವಲಕ್ಕಿ ಹಚ್ಚಿದೆ. ನಾನು ತಂದಿದ್ದ ಶೇಂಗಾ ಚಟ್ನಿಯನ್ನು ಅವಳು ತನ್ನ ಮೆಕ್ಕೆಜೋಳದ ರೊಟ್ಟಿಯ ಮೇಲೆ ಉದುರಿಸಿಕೊಂಡು ತಿಂದಳು, ಮತ್ತೆ ಕೇಳಿದಳು, ಮತ್ತೆ ಕೇಳಿದಳು. ಡಬ್ಬಿ ಅಲ್ಲೇ ಖಾಲಿಯಾಯಿತು.

ಹೊರಡುವ ಹಿಂದಿನ ದಿನ ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಮೆಟ್ಟಿಲುಗಳ ಮೇಲೆ ನಾವಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತೆವು. ಬೀದಿಯ ಫೋಟೋಗ್ರಾಫರ್ ಒಬ್ಬ ಫೋಟೋ ತೆಗೆದು ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟ. ಆಗ ಮಾತು ಎತ್ತಿದವಳು ಅವಳು, ನಾನಲ್ಲ. ಇದನ್ನು ಒತ್ತಿ ಹೇಳುತ್ತೇನೆ.

“ಕೆಲಸ, ಮಕ್ಳು ಎಲ್ಲಾ ಮುಗಿದ್ಮೇಲೆ ಇಲ್ಲಿಗೆ ವಾಪಸ್ ಬರೋಣ ಕಣೇ. ಬಸ್ಸಲ್ಲೇ. ನಾವಿಬ್ರೇ. ಗಂಡ ಗಿಂಡ ಯಾರೂ ಬೇಡ. ಒಬ್ಬರನ್ನ ಬಿಟ್ಟು ಒಬ್ಬರು ಬರೋದೂ ಬೇಡ.”

“ಆಣಿ ಮಾಡು” ಅಂದೆ.

ನನ್ನ ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ನಾನೂ ಅವಳ ನೆತ್ತಿಯ ಮೇಲೆ ಇಟ್ಟೆ. ಹಾಗೆ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಏನಾಗುತ್ತದೆ, ಯಾರಿಗೆ ಆಗುತ್ತದೆ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಮುರಿದವರಿಗಲ್ಲ, ತಲೆ ಕೊಟ್ಟವರಿಗೆ.

ಆಮೇಲೆ ಅವಳು ಮದುವೆಯಾಗಿ ಹ್ಯೂಸ್ಟನ್ ಸೇರಿದಳು. ನಾನೂ ಮದುವೆಯಾಗಿ ಡಲ್ಲಾಸ್ ಕಡೆ ಬಂದು ಮರ್ಫಿಯಲ್ಲಿ ಮನೆ ಮಾಡಿದೆ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೇ ನನ್ನ ನೌಕರಿಯೆಲ್ಲ ಕಳೆಯಿತು. ಸ್ಪ್ಯಾನಿಶ್ ಕಲಿತದ್ದೂ ಅಲ್ಲೇ. ಊಟದ ನಂತರ ತೆಗೆದುಕೊಳ್ಳಿ, ಎಲ್ಲಿ ನೋವು, ಎಷ್ಟು ದಿನದಿಂದ ಎನ್ನುವಂಥ ಸ್ಪ್ಯಾನಿಶ್.

ನಮ್ಮವರಿಗೆ ತಿರುಗಾಟದ ಹುಚ್ಚು. ನನ್ನ ಬಾಯಿಂದ ಆ ಊರಿನ ಕಥೆಯನ್ನು ಅವರು ಕೇಳಿದಷ್ಟು ಇನ್ನಾರೂ ಕೇಳಿರಲಿಕ್ಕಿಲ್ಲ. ಪ್ರತಿ ರಜೆಗೂ ಅದೇ ಮಾತು. “ನನಗೂ ಒಮ್ಮೆ ಆ ನಿನ್ನ ಮೆಟ್ಟಲಾ ತೋರಸು” ಎನ್ನುವರು.

“ಅದೊಂದ ಊರು ಬಿಡ್ರಿ. ಅದು ನಮ್ಮಿಬ್ಬರದು. ಆಣಿ ಅದ” ಎನ್ನುತ್ತಿದ್ದೆ.

“ಆತು ಮಾರಾಯ್ತಿ, ನೀವು ಹೋಗಿ ಬರ್ರಿ. ನಾ ಫೋಟೋ ನೋಡತೀನಿ” ಎಂದು ನಕ್ಕು ಇನ್ನೆಲ್ಲಿಗೋ ಟಿಕೆಟ್ ಮಾಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಗೆಳತಿ ಹ್ಯೂಸ್ಟನ್ ಬಿಟ್ಟು, ಮಗನ ಮನೆಗೆ ಹತ್ತಿರವಾಗಲೆಂದು ನಮ್ಮ ಡಲ್ಲಾಸ್ ಕಡೆಯ ಪ್ರಾಸ್ಪರ್‌ನಲ್ಲಿ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ನಾನು ಒಂದು ಖಣ ಒಯ್ದಿದ್ದೆ. ಡಲ್ಲಾಸ್‌ನ ನಮ್ಮ ಮಂದಿಯಲ್ಲಿ ಬ್ಲೌಸ್ ಪೀಸ್ ಎಂಬುದು ಹೊಲಿಸಿಕೊಳ್ಳುವ ವಸ್ತುವಲ್ಲ, ತಿರುಗುವ ವಸ್ತು. ಗೌರಿ ಹಬ್ಬಕ್ಕೆ ಕೊಟ್ಟದ್ದು ನವರಾತ್ರಿಯ ಗೊಂಬೆ ನೋಡಲು ಹೋದಾಗ ಇನ್ನೊಂದು ಮನೆಯಲ್ಲಿ ಸಿಗುತ್ತದೆ. ನಾನೇ ಕೊಟ್ಟ ಹಸಿರು ಪೀಸು ನನ್ನ ಮಡಿಲಿಗೇ ವಾಪಸು ಬಂದದ್ದಿದೆ, ಅದೇ ಕಾಫಿ ಕಲೆಯ ಸಮೇತ. ಆದರೆ ಇದು ಗುಳೇದಗುಡ್ಡದಿಂದ ತರಿಸಿದ ಖಣ. ಇದು ಊರೂರು ಅಲೆಯಬಾರದು ಎಂದೇ ಅದರ ಮೂಲೆಯಲ್ಲಿ ಕೂತು ಕಸೂತಿ ಹಾಕಿದೆ, ಒಂದು ಗೋಪುರ. ನಾನು ಹಾಕುವ ಗೋಪುರ ಯಾವಾಗಲೂ ಎಡಕ್ಕೆ ವಾಲುತ್ತದೆ. ಹುಡುಗಿಯಾಗಿದ್ದಾಗ ಅದಕ್ಕಾಗಿ ಸೋದರತ್ತೆಯಿಂದ ಬೈಸಿಕೊಂಡಿದ್ದೇನೆ, ತಿದ್ದಿಕೊಳ್ಳಲು ಮಾತ್ರ ಆಗಿಲ್ಲ.

ಗೆಳತಿ ಅದನ್ನು ಕಣ್ಣಿಗೊತ್ತಿಕೊಂಡಳು. “ಇದನ್ನ ಯಾರಿಗೂ ಕೊಡಲ್ಲ ಕಣೇ” ಅಂದಳು.

ಆವತ್ತೇ ಊಟದ ಹೊತ್ತಿನಲ್ಲಿ ನಮ್ಮವರು ಅವಳನ್ನು ಕೆಣಕಿದರು. “ಏನವಾ, ನಿಮ್ಮ ಮೆಕ್ಸಿಕೋಕ್ಕ ನಮ್ಮನ್ನೂ ಕರಕೊಂಡ ಹೋಗ್ರಲಾ. ಗಂಡಸರು ನಾವು ಹಿಂದಿನ ಸೀಟಿನ್ಯಾಗ ಸುಮ್ಮನ ಕೂಡತೀವಿ.”

“ಅಯ್ಯೋ ಇಲ್ಲಪ್ಪ! ಅದು ಲೇಡೀಸ್ ಟ್ರಿಪ್ಪು. ನೀವಿಬ್ರೂ ಮನೇಲಿ ಅನ್ನ ಸಾರು ಮಾಡ್ಕೊಂಡಿರಿ” ಎಂದು ಅವಳು ಜೋರಾಗಿ ನಕ್ಕಳು. ಎಲ್ಲರೂ ನಕ್ಕರು. ಅವಳ ಗಂಡ ಮಾತ್ರ ತಟ್ಟೆಯಲ್ಲಿದ್ದ ಒಬ್ಬಟ್ಟನ್ನು ನೋಡುತ್ತ ಕೂತಿದ್ದರು. ತುಪ್ಪ ಬೇಕೇನೋ ಎಂದು ನಾನೇ ಹೋಗಿ ಬಡಿಸಿದೆ. ಆ ತುಪ್ಪ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮರುವರ್ಷ ಬೇಸಿಗೆಯಲ್ಲಿ ನಮ್ಮವರು ಹೋಗಿಬಿಟ್ಟರು. ಹೃದಯಾಘಾತ. ಬೆಳಿಗ್ಗೆ ಚಹಾ ಕುಡಿದವರು ಮಧ್ಯಾಹ್ನಕ್ಕೆ ಇರಲಿಲ್ಲ. ಗೆಳತಿ ಬಂದು ನಮ್ಮ ಮನೆಯಲ್ಲೇ ಉಳಿದಳು, ಸಾರು ಅನ್ನ ಕಲಸಿ ಕೈತುತ್ತು ಕೊಟ್ಟಳು. ಅದನ್ನು ನಾನು ಇಲ್ಲವೆನ್ನುವುದಿಲ್ಲ. “ಮುಂದಿನ ವರ್ಷ ನಾವಿಬ್ರೂ ಹೋಗ್ಬರೋಣ ಕಣೇ. ನಿಂಗೂ ಒಂಚೂರು ಬದಲಾವಣೆ” ಎಂದವಳೂ ಅವಳೇ. ಮುಂದಿನ ವರ್ಷ ಬಂತು, ಮೊಣಕಾಲೂ ಬಂತು.

ಹಾಗಾಗಿ ಈ ಅಕ್ಟೋಬರಿನ ಕೊನೆಯಲ್ಲಿ ಒಬ್ಬಳೇ ಹೊರಟೆ. ಅವಳಿಗೆ ಹೇಳಲಿಲ್ಲ. ಆ ವಸತಿಗೃಹದ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿ ಕಳಿಸಬೇಕು, ಹೊಟ್ಟೆ ಉರಿದುಕೊಂಡಾದರೂ ಮುಂದಿನ ಬಸ್ಸು ಹಿಡಿದು ಬರುತ್ತಾಳೆ, ಆಣೆಯೂ ಉಳಿಯುತ್ತದೆ ಎಂಬುದು ನನ್ನ ಉಪಾಯ. ಅವಳು ಬಂದರೆ ಇನ್ನಷ್ಟು ದಿನ ಅಲ್ಲೇ ಉಳಿಯುವ ಮನಸ್ಸೂ ಇತ್ತು. ಇಬ್ಬರಿಗೆಂದೇ ಎರಡು ಮಂಚದ ರೂಮು ಹೇಳಿದ್ದೆ. ನಿಜ ಹೇಳಬೇಕೆಂದರೆ ನನಗೆ ಇನ್ನು ಉಳಿದಿದ್ದವಳು ಅವಳೊಬ್ಬಳೇ.

ಮಗಳು ಮಾತ್ರ ಹೌಹಾರಿದಳು. “ಮಾಮ್, ಆರ್ ಯು ಸೀರಿಯಸ್? ಬಸ್? ಜಸ್ಟ್ ಫ್ಲೈ!”

“ಬಸ್ಸಿನ್ಯಾಗನ ಹೋಗಬೇಕು. ಹಂಗಂತನ ಮಾತು ಆಗೇದ.”

“ವಿತ್ ಹೂಮ್?”

ನಾನು ಅವಲಕ್ಕಿ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಡಲ್ಲಾಸ್‌ನಲ್ಲಿ ನನ್ನನ್ನು ಬಸ್ಸಿಗೆ ಬಿಟ್ಟ ಮಗಳು ನಿಂತೇ ಇದ್ದಳು. ಸುತ್ತ ರಟ್ಟಿನ ಡಬ್ಬಗಳು, ಕಂಬಳಿಗಳು, ಪ್ಲಾಸ್ಟಿಕ್ ಸುತ್ತಿದ ಒಂದು ಮಕ್ಕಳ ಸೈಕಲ್ಲು. ಊರಿಗೆ ಹೋಗುವವರು ಎಲ್ಲ ದೇಶದಲ್ಲೂ ಒಂದೇ ಥರ ಗಂಟು ಕಟ್ಟುತ್ತಾರೆ. ಪಕ್ಕದ ಸೀಟಿನ ಅಜ್ಜಿ ಬಸ್ಸು ಬಿಡುವ ಮುನ್ನವೇ ನನ್ನ ಔಷಧಿ ಅಂಗಡಿಯ ಸ್ಪ್ಯಾನಿಶ್ ಹಿಡಿದುಕೊಂಡು ತನ್ನ ಬೆನ್ನುನೋವು ಪೂರ್ತಿ ಹೇಳಿದಳು. ಆಸ್ಟಿನ್ ದಾಟುವಾಗ ಕಿಟಕಿಗೆ ಮುಖ ಒತ್ತಿ ನೋಡಿದೆ. ನಮ್ಮ ಕಾಲದ ಒಂದು ಗುರುತೂ ಕಾಣಲಿಲ್ಲ, ಬರೀ ಗಾಜಿನ ಕಟ್ಟಡಗಳು. ಗಡಿಯಲ್ಲಿರುವ ಲರೇಡೋದ ಸೇತುವೆಯಲ್ಲಿ ತಪಾಸಣೆಗೆಂದು ಇಳಿದು, ಹತ್ತಿ, ಮಾಂಟೆರ್ರೇ ದಾಟಿ, ಮಾರನೆಯ ದಿನ ಇನ್ನೊಂದು ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಮಧ್ಯಾಹ್ನದ ಹೊತ್ತಿಗೆ ಗ್ವಾನಹ್ವಾತೊ ತಲುಪಿದೆ. ಟ್ಯಾಕ್ಸಿ ಸುರಂಗದೊಳಗೆ ನುಗ್ಗಿದಾಗ ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ. ಚಾಲಕ ಕನ್ನಡಿಯಲ್ಲಿ ನೋಡಿ ನಕ್ಕ.

ಗಲ್ಲಿ ಅದೇ. ಬಾಗಿಲಿಗೆ ಬಣ್ಣ ಬೇರೆ. ತೆರೆದವಳು ಅದೇ ಹುಡುಗಿ, ಈಗ ಬಿಳಿ ಕೂದಲಿನ ದಪ್ಪನೆಯ ಹೆಂಗಸು. ನಾನು ಅವಳನ್ನು ಗುರುತು ಹಿಡಿದೆ, ಅವಳು ನನ್ನನ್ನು ಹಿಡಿಯಲಿಲ್ಲ. ಬೇಕೆಂದೇ ಸುಮ್ಮನಿದ್ದೆ. ಮೊದಲು ಗೆಳತಿಗೆ ಫೋಟೋ ಕಳಿಸಿ, ಆಮೇಲೆ ಇವಳಿಗೆ ಚಟ್ನಿಯ ಡಬ್ಬಿ ತೋರಿಸಿ ಬೆರಗುಗೊಳಿಸಬೇಕೆಂದಿದ್ದೆ. ಅವಳು ಬೀಗದ ಕೈ ತರಲು ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ನಿಂತೆ.

ಅಲ್ಲಿ ಸತ್ತವರ ಹಬ್ಬಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮೇಜು ಜೋಡಿಸಿದ್ದರು. ನಮ್ಮ ಪಿತೃಪಕ್ಷವಿದ್ದ ಹಾಗೆ ಅವರಿಗೆ ನವೆಂಬರಿನ ಮೊದಲ ದಿನಗಳು. ಹೋದವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ದಾರಿ ತಪ್ಪದೆ ಬರಲಿ ಎಂದು ಚೆಂಡುಹೂವು ಹಾಸುತ್ತಾರೆ. ನನ್ನ ಕಣ್ಣು ಬಿದ್ದದ್ದು ಫೋಟೋಗಳ ಮೇಲಲ್ಲ, ಕೆಳಗಿನ ಮೆಟ್ಟಿಲಿಗೆ ಹಾಸಿದ್ದ ಬಟ್ಟೆಯ ಮೇಲೆ. ಖಣ. ಕೆಂಪು ಅಂಚಿನ ಗುಳೇದಗುಡ್ಡದ ಖಣ.

ಮೊದಲು ನಗುವೇ ಬಂತು. ಅಬ್ಬಾ ಬ್ಲೌಸ್ ಪೀಸೇ, ಗಡಿ ದಾಟಿ ಇಲ್ಲಿಗೂ ಬಂದೆಯಾ ಅಂದುಕೊಂಡೆ. ಬಗ್ಗಿ ಹೂವು ಸರಿಸಿ ಮೂಲೆ ನೋಡಿದೆ. ಗೋಪುರ ಇತ್ತು. ಎಡಕ್ಕೆ ವಾಲಿತ್ತು.

ಬಗ್ಗಿದಲ್ಲಿಂದಲೇ ತಲೆ ಎತ್ತಿದರೆ ಎದುರಿಗೆ ನನ್ನ ಫೋಟೋ. ಮೆಟ್ಟಿಲುಗಳ ಮೇಲೆ ತೆಗೆಸಿಕೊಂಡ ಅದೇ ಫೋಟೋ, ಕತ್ತರಿಯಲ್ಲಿ ಅರ್ಧ ಕತ್ತರಿಸಿದ್ದು. ನನ್ನ ಹೆಗಲ ಮೇಲೆ ಅವಳ ಬೆರಳುಗಳು ಮಾತ್ರ ಉಳಿದಿದ್ದವು. ಸುತ್ತ ಚೆಂಡುಹೂವಿನ ಹಾರ. ಮುಂದೆ ಒಂದು ತಟ್ಟೆಯಲ್ಲಿ ಮೆಕ್ಕೆಜೋಳದ ರೊಟ್ಟಿ, ಅದರ ಮೇಲೆ ಕೆಂಪು ಪುಡಿ. ನಮ್ಮಲ್ಲಿ ಫೋಟೋಕ್ಕೆ ಹಾರ ಬಿದ್ದರೆ ಏನರ್ಥ ಎಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತುಬಿಟ್ಟೆ.

ಬೀಗದ ಕೈ ಹಿಡಿದು ಬಂದ ಯಜಮಾನಿ ನನ್ನನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಆಮೇಲೆ ಹತ್ತಿರ ಬಂದು ಬೆರಳಿನಿಂದ ನನ್ನ ಕೆನ್ನೆ ಮುಟ್ಟಿದಳು.

“ನೀನು ಸತ್ತಿದ್ದೀಯಲ್ಲ!” ಅಂದಳು. ಅವಳ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟು ಸ್ಪ್ಯಾನಿಶ್ ನನಗೂ ಅರ್ಥವಾಗುತ್ತದೆ.

“ಯಾರು ಹೇಳಿದರು?”

“ನಿನ್ನ ಗೆಳತಿ. ಗಂಡನ ಜೊತೆ ಬರುತ್ತಾಳಲ್ಲ, ಚಳಿಗಾಲದಲ್ಲಿ. ಮೇಲಿನ ಬಾಲ್ಕನಿ ರೂಮು ಯಾವಾಗಲೂ ಅವರದೇ. ಈ ಬಟ್ಟೆ ಅವಳೇ ಕೊಟ್ಟದ್ದು. ಕಾಯಿಲೆಯಿಂದ ತೀರಿಕೊಂಡೆ ಅಂದಳು. ನಾನು ಅತ್ತೆ. ನಿನ್ನ ಫೋಟೋ ಕೊಡು, ಇಡುತ್ತೇನೆ ಅಂತ ನಾನೇ ಕೇಳಿದೆ. ಮರುಸಲ ಬರುವಾಗ ತಂದುಕೊಟ್ಟಳು.”

ಕೇಳಿದರೆ ಕೊಟ್ಟಳಂತೆ! ಪ್ರಾಸ್ಪರ್‌ನ ಹೊಸ ಮನೆಯಲ್ಲಿ ಕೂತು, ಕತ್ತರಿ ತೆಗೆದುಕೊಂಡು, ತನ್ನನ್ನು ಒಂದು ಕಡೆ ಮಾಡಿ, ನನ್ನನ್ನು ಒಂದು ಕಡೆ ಮಾಡಿ ಕತ್ತರಿಸಿದ್ದಾಳೆ. ನನ್ನ ತಲೆ ಮುಟ್ಟಿ ಮಾಡಿದ ಆಣೆಯನ್ನು ಮುರಿದವಳು, ತಲೆಯ ಲೆಕ್ಕವನ್ನೂ ತಾನೇ ಮುಗಿಸಿಬಿಟ್ಟಿದ್ದಳು.

ಯಜಮಾನಿಗೆ ಒಮ್ಮೆ ಅಳು, ಒಮ್ಮೆ ನಗು. “ಪ್ರತಿ ವರ್ಷ ನಿನಗೆ ಬಡಿಸಿದ್ದೇನೆ” ಎಂದು ತಟ್ಟೆ ತೋರಿಸಿದಳು. “ನೀನು ಅವತ್ತು ಕೊಟ್ಟ ಪುಡಿ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ನೋಡುತ್ತೇನೆ. ಆ ರುಚಿ ಬರುವುದೇ ಇಲ್ಲ.” ನಾನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಹುಣಸೆ, ಬೆಲ್ಲ ಬಿದ್ದಿರಲಿಲ್ಲ. ಒಮ್ಮೆ ತಿಂದ ಚಟ್ನಿಯನ್ನು ಈ ಪರದೇಶದ ಹೆಂಗಸು ಇಷ್ಟು ವರ್ಷ ನೆನಪಿಟ್ಟಿದ್ದಳು.

ಅಲ್ಲಿಂದಲೇ ಪ್ರಾಸ್ಪರ್‌ಗೆ ಫೋನ್ ಹಚ್ಚಿದೆ.

“ಎಲ್ಲಿದ್ದೀಯೇ? ನಿನ್ನೆಯಿಂದ ಮೆಸೇಜ್‌ಗೂ ಉತ್ತರ ಇಲ್ಲ” ಅಂದಳು.

“ಮೊಣಕಾಲು ಹೆಂಗದ?”

“ಅಯ್ಯೋ, ಅದೇ ಗೋಳು ಕಣೇ. ಮೆಟ್ಲು ಅಂದ್ರೆ ಪ್ರಾಣ ಹೋಗುತ್ತೆ.”

“ಹೌದವಾ, ಇಲ್ಲಿ ಮೆಟ್ಟಲಾ ಭಾಳ. ನೀ ಹೆಂಗ ಹತ್ತತೀ ವರ್ಷಾ ವರ್ಷಾ?”

ಆ ಕಡೆ ಟಿ.ವಿ. ಸದ್ದು ಕೇಳಿಸುತ್ತಿತ್ತು. ಅದೂ ನಿಂತಿತು.

“ಎಲ್ಲಿದ್ದೀಯ ನೀನು?”

“ನನ್ನ ಫೋಟೋದ ಮುಂದ ಕೂತೀನಿ. ಹಾರ ಚೊಲೊ ಹಾಕ್ಯಾರ.”

ಅವಳು ಒಂದೇ ಉಸಿರಿಗೆ ಶುರು ಮಾಡಿದಳು. “ಹ್ಯೂಸ್ಟನ್‌ನಲ್ಲಿದ್ದಾಗ ಇವರೇ ಹಠ ಮಾಡಿದ್ರು ಕಣೇ. ಒಂದ್ಸಲ ತಾನೇ ಅಂತ ಹೋದ್ವಿ. ನಿಂಗೆ ಹೇಳಿದ್ರೆ ಸುಮ್ನಿರ್ತಿದ್ಯಾ? ರಂಪ ಮಾಡ್ತಿದ್ದೆ. ಹೇಳ್ಲಿಲ್ಲ. ಇವರಿಗೆ ಊರು ಹಿಡಿಸ್ತು, ಮತ್ತೆ ಹೋದ್ವಿ. ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ.”

“ಸಾಯಿಸಿದ್ಯಾಕ?”

“ಆ ಲಾಡ್ಜಿನೋಳು ನಾವು ಹೋದಾಗೆಲ್ಲ ನಿನ್ನನ್ನೇ ಕೇಳೋಳು. ಅವಳೆಲ್ಲಿ, ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ. ಪ್ರತಿ ಸಲ ಏನು ಹೇಳ್ಲಿ? ಒಂದ್ಸಲ ಬಾಯಿಗೆ ಬಂದ್ಬಿಡ್ತು.” ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ ಅಂದಳು. “ಹಾಗೆ ಸುಳ್ಳು ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿ ಆಗುತ್ತಂತೆ ಕಣೇ. ನಮ್ಮಜ್ಜಿ ಹೇಳೋರು.”

ನನಗೆ ಬಂದ ಸಿಟ್ಟು ಎಂಥದೆಂದರೆ, ಕೂಗಾಡುವ ನಾನು ಕೂಗಲಿಲ್ಲ. “ನನ್ನ ಆಯುಷ್ಯ ತಗೊಂಡು ಏನ ಮಾಡಲಿ?” ಅಂದೆ. “ನಮ್ಮವರು ಕೇಳಿದ್ರು. ವರ್ಷಾ ವರ್ಷಾ ಕೇಳಿದ್ರು. ನಿನ್ನ ಆಣಿ ಅದ ಅಂತ ನಾ ಬ್ಯಾಡ ಅಂದೆ. ನಿನ್ನ ಮನ್ಯಾಗ ನಿಂತು ನಿನ್ನನ್ನ ಕೇಳಿದ್ರು. ನೀ ನಿನ್ನ ಗಂಡಗ ಈ ಊರೆಲ್ಲಾ ತೋರಿಸಿ ಬಂದಿದ್ದಿ. ಬಂದು, ನಮ್ಮವರ ಮಾರಿ ನೋಡಿ ನಕ್ಕಿ.”

ಅವಳು ಅಳತೊಡಗಿದಳು. “ನೀನು ಬಾ ಮೊದ್ಲು, ಕೂತು ಮಾತಾಡೋಣ” ಅಂದಳು. ನಾನು ಫೋನ್ ಇಟ್ಟೆ. ಬೈಯಲು ಬೇಕಾದಷ್ಟು ಮಾತಿತ್ತು, ಒಂದೂ ಬೇಡವೆನ್ನಿಸಿತು. ಸುಳ್ಳು ಹೇಳಿದ್ದನ್ನು ಕ್ಷಮಿಸಬಹುದೇನೋ. ನನ್ನನ್ನು ಸಾಯಿಸಿದ್ದನ್ನೂ ಒಂದು ದಿನ ನಗೆಚಾಟಿಕೆ ಮಾಡಿ ಹೇಳಿಕೊಂಡು ತಿರುಗಬಹುದು, ನನ್ನ ಬಾಯಿ ಅಂಥದೇ. ಆ ನಗುವನ್ನು ಮಾತ್ರ ಕ್ಷಮಿಸಲಾರೆ.

ಯಜಮಾನಿ ಅಷ್ಟರಲ್ಲಿ ಹಾರ ತೆಗೆದು ನನ್ನ ಫೋಟೋವನ್ನು ಸೆರಗಿಗೆ ಒರೆಸುವ ಹಾಗೆ ಏಪ್ರನ್ನಿಗೆ ಒರೆಸಿ ನನ್ನ ಕೈಗೆ ಕೊಟ್ಟಿದ್ದಳು. ಖಣವನ್ನೂ ಎಳೆಯಲು ಹೊರಟಳು, ಅದೂ ನನ್ನದೇ ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ನಾನು ತಡೆದೆ. ಕೊಟ್ಟ ಖಣವನ್ನು ವಾಪಸು ಒಯ್ಯುವುದು ನಮ್ಮಲ್ಲಿಲ್ಲ. ಅವಳ ಕೈಯಲ್ಲಿ ಅದು ಇನ್ನು ಎಲ್ಲಿಗೂ ತಿರುಗುವುದೂ ಇಲ್ಲ.

ಹೂವಿನ ನಡುವೆ ನನ್ನ ಜಾಗ ಖಾಲಿಯಾಗಿತ್ತು. ಅದನ್ನು ನೋಡುತ್ತ ಅವಳು ಮೆಲ್ಲಗೆ ಕೇಳಿದಳು.

“ನಿನ್ನವರು ಯಾರಾದರೂ ಇದ್ದಾರಾ, ಇಡುವುದಕ್ಕೆ?”

ಪರ್ಸಿನಲ್ಲಿ ನಮ್ಮವರ ಪಾಸ್‌ಪೋರ್ಟ್ ಸೈಜಿನ ಫೋಟೋ ಇತ್ತು. ತೆಗೆದುಕೊಟ್ಟೆ. ಅವಳು ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಚಿಕ್ಕ ಫೋಟೋ, ಹೂವಿನಲ್ಲಿ ಮುಳುಗುತ್ತಿತ್ತು. ಹೂವು ತೆಗೆದು ಮುಖ ಕಾಣುವ ಹಾಗೆ ಮಾಡಿದಳು.

“ಏನು ಇಷ್ಟ ಇವರಿಗೆ?”

ಬಸ್ಸಿಗೆಂದು ಕಟ್ಟಿಕೊಂಡಿದ್ದ ಅವಲಕ್ಕಿ ಇನ್ನೂ ಉಳಿದಿತ್ತು. ಅವಳ ತಟ್ಟೆಯಲ್ಲೇ ಸುರಿದು, ನನ್ನ ಚಟ್ನಿಯ ಡಬ್ಬಿ ಬಿಚ್ಚಿ ಮೇಲೆ ಉದುರಿಸಿ, ವಾಲಿದ ಗೋಪುರದ ಪಕ್ಕದಲ್ಲಿಟ್ಟೆ. ಬಾಗಿಲು ತೆರೆದೇ ಇತ್ತು. ಹೊರಗೆ ಮೆಟ್ಟಿಲುಗಳ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು, ಯಾರೋ ಏದುಸಿರು ಬಿಡುತ್ತ ಹತ್ತುತ್ತಿದ್ದರು.

“ಬರ್ರಿ” ಅಂದೆ. “ತಡಾ ಆತು. ಬರ್ರಿ.”